ಬೊನಿಫಾಸಿಯಾಳ ಕೈಯಲ್ಲಿದ್ದ ಬೂಟು

ಮಾನ್ಯ ಅಧ್ಯಕ್ಷರಾದ ಡಾಕ್ಟರ್ ತೆಯೊದೊಲಿನೊ ಅವರೇ, ಪಾದ್ರಿಗಳೇ, ನನ್ನ ಗುರುಗಳೇ, ಮುಂದಿನ ಸಾಲಿನಲ್ಲಿ ಬೀಸಣಿಗೆ ಬೀಸುತ್ತಿರುವ ನನ್ನ ಅಜ್ಜಿ ಎಉಸೇಬಿಯಾ ಅವರೇ, ಕಾಶೊಯೆರಾ ಊರಿನ ಸಭಿಕರೇ,

ಈಗ ತಾನೇ ಸ್ವಾಗತಗೀತೆ ಹಾಡಿದ ನನ್ನ ಅಕ್ಕನ ಮಗಳು, ಎಂಟು ವರ್ಷದ ಲಿಂದೌರಾಳಿಗೆ ಇರುವ ಧೈರ್ಯ ನನಗಿಲ್ಲ. ಅದಕ್ಕೇ ಭಾಷಣವನ್ನು ಕಾಗದದಲ್ಲಿ ಬರೆದು ತಂದಿದ್ದೇನೆ.

ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಗಿ ಇಂದಿಗೆ ಐವತ್ತು ವರ್ಷ. ಆ ಕಾಲದ ದಿನಚರಿಯ ಬಗ್ಗೆ ಮಾತಾಡಿ, ಕೊನೆಗೆ ನಮ್ಮ ಮುತ್ತಜ್ಜಿಯ ಬೂಟುಗಳನ್ನು ಈ ಗಾಜಿನ ಪೆಟ್ಟಿಗೆಗೆ ಒಪ್ಪಿಸಬೇಕೆಂದು ಅಧ್ಯಕ್ಷರು ಹೇಳಿದ್ದಾರೆ. ಪೆಟ್ಟಿಗೆಗೆ ಹೆಸರಿನ ಚೀಟಿಯೂ ಅಂಟಿದೆ.

ಗುಲಾಮರು ಏನೇನು ಮಾಡುವಂತಿರಲಿಲ್ಲ? ಕತ್ತಲಾದ ಮೇಲೆ ಯಜಮಾನರ ಚೀಟಿಯಿಲ್ಲದೆ ಬೀದಿಗೆ ಇಳಿಯುವಂತಿರಲಿಲ್ಲ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವಂತಿರಲಿಲ್ಲ. ನಮ್ಮ ಅಜ್ಜಿ ಗುಲಾಮಳಾಗಿದ್ದ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಅಡುಗೆಮನೆಯಿಂದ ಊಟದ ಮೇಜಿಗೆ ಕೊಬ್ಬರಿ ಮಿಠಾಯಿ ಒಯ್ಯುವ ಹುಡುಗಿ ದಾರಿಯುದ್ದಕ್ಕೂ ಹಾಡುತ್ತಿರಬೇಕು. ಏಕೆ? ಹಾಡುವ ಬಾಯಿ ತಿನ್ನಲಾರದು! ಅಜ್ಜಿಯ ಕಂಠವನ್ನು ಚರ್ಚಿನಲ್ಲಿ ನೀವೆಲ್ಲ ಹೊಗಳುತ್ತೀರಲ್ಲ, ಅದು ಅಲ್ಲಿ ಕಲಿತದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ಗುಲಾಮರು ಬೂಟು ಹಾಕುವಂತಿರಲಿಲ್ಲ. ಆದ್ದರಿಂದಲೇ ಬಿಡುಗಡೆಯಾದವರು ಮೊದಲು ಓಡುತ್ತಿದ್ದದ್ದು ಬೂಟಿನ ಅಂಗಡಿಗೆ. ಬರಿಗಾಲಲ್ಲಿ ನಡೆದು ಹರಡಿದ ಪಾದ ಒಳಗೆ ಹೋಗದೆ ಬೂಟನ್ನು ಕೈಯಲ್ಲಿ ಹಿಡಿದು ನಡೆದವರ ಕಥೆ ನಿಮಗೆ ಗೊತ್ತು. ನಮ್ಮ ಮುತ್ತಜ್ಜಿ ಬೊನಿಫಾಸಿಯಾ ಕೂಡ ಪ್ರತಿ ಭಾನುವಾರ ಹಾಗೆಯೇ ಚರ್ಚಿಗೆ ಹೋಗುತ್ತಿದ್ದಳು. ಆ ಬೂಟಿನ ಅಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಭಾಷಣ ಬರೆಯಲೆಂದು ಅವನ್ನು ಕೈಗೆತ್ತಿಕೊಂಡಾಗ ನನಗೊಂದು ಕುತೂಹಲ ಹುಟ್ಟಿತು. ಬೂಟು ನನ್ನ ಗೇಣಿಗಿಂತ ಚಿಕ್ಕದು.

"ಅಜ್ಜಿ, ಇಷ್ಟು ಪುಟ್ಟ ಬೂಟನ್ನ ಅವಳು ಯಾಕೆ ಕೊಂಡ್ಲು? ಅಂಗಡಿಯವನು ಮೋಸ ಮಾಡಿದ್ನಾ?"

"ಅವಳಿಗೆ ಅಂತ ಯಾರೇ ಹೇಳಿದ್ದು ನಿಂಗೆ? ಕಾಲೇಜಲ್ಲಿ ಹೇಳಿಕೊಟ್ರಾ?"

"ಮತ್ತೆ ಯಾರಿಗೆ?"

"ನಂಗೆ."

ಬೊನಿಫಾಸಿಯಾ ಹಲಸಂದೆ ವಡೆ ಮಾರಿ ತನ್ನ ಬಿಡುಗಡೆಯನ್ನು ಕೊಂಡುಕೊಂಡಿದ್ದಳು. ಮಗಳನ್ನು ಮಾತ್ರ ಯಜಮಾನತಿ ಬಿಟ್ಟುಕೊಡಲಿಲ್ಲ. ಆಗ ಅಜ್ಜಿ ಎಂಟು ವರ್ಷದ ಹುಡುಗಿ. ಮಗಳ ಅಳತೆಯ ಬೂಟು ಹಿಡಿದು ತಾಯಿ ಆ ಮನೆಯ ಕಿಟಕಿಯ ಮುಂದೆಯೇ ಚರ್ಚಿಗೆ ಹೋಗುವಳು. ಒಂದು ಭಾನುವಾರ ಯಜಮಾನತಿ ಕಿಟಕಿಯಿಂದಲೇ ಕೂಗಿದಳಂತೆ:

"ಏನೇ ಬೊನಿಫಾಸಿಯಾ, ಬೂಟು ಕಾಲಿಗೆ ಹಾಕೋದು ಕಣೇ, ಕೈಗಲ್ಲ!"

"ಗೊತ್ತಮ್ಮ. ಇದರ ಕಾಲು ನಿಮ್ಮನೇಲಿದೆ."

ಒಳಗೆ ಮಿಠಾಯಿ ತಟ್ಟೆ ಹಿಡಿದಿದ್ದ ಅಜ್ಜಿ ಹಾಡು ನಿಲ್ಲಿಸಿಬಿಟ್ಟಳಂತೆ. ಅದಕ್ಕೆ ಏಟು ಬಿತ್ತೇ ಎಂದು ಕೇಳಿದೆ. ಅಜ್ಜಿ ಮಾತು ತಿರುಗಿಸಿದಳು. ಬಿಡುಗಡೆ ಬಂದಾಗ ಅವಳಿಗೆ ಇಪ್ಪತ್ತು ವರ್ಷ. ಬೂಟು ಮಾತ್ರ ಎಂಟು ವರ್ಷದ್ದಾಗಿಯೇ ಉಳಿದಿತ್ತು.

ಸಭಿಕರೇ, ಇದನ್ನೆಲ್ಲ ಕೇಳಿದ ಮೇಲೂ ಬೂಟನ್ನು ಗಾಜಿನ ಹಿಂದೆ ಇಡಲೇ? ಅಜ್ಜಿಯನ್ನೇ ಕೇಳಿದೆ. "ನೋಡೋಕೆ ಅಂತ ನಮ್ಮವ್ವ ಬೂಟು ಕೊಂಡಿರ್ಲಿಲ್ಲ" ಎಂದಳು.

ಮಾನ್ಯ ಅಧ್ಯಕ್ಷರೇ, ಆಗಿನಿಂದ ನನ್ನ ಕೈಗಳನ್ನೇ ನೋಡುತ್ತಿದ್ದೀರಿ. ಅವುಗಳಲ್ಲಿ ಈ ಕಾಗದ ಬಿಟ್ಟು ಬೇರೇನೂ ಇಲ್ಲ. ಸ್ವಾಗತಗೀತೆಗೆ ಲಿಂದೌರಾ ವೇದಿಕೆ ಹತ್ತಿದಾಗ ಹಲಗೆಯ ಮೇಲೆ ಟಕಟಕ ಸದ್ದು ಕೇಳಿತಲ್ಲ, ಅದೇ ಆ ಬೂಟು. ಎರಡನೆಯ ನುಡಿ ಅಷ್ಟು ಮುದ್ದೆಯಾಗಿ ಬಂದದ್ದಕ್ಕೆ ಹುಡುಗಿ ಸಾಲು ಮರೆತಳು ಎಂದುಕೊಳ್ಳಬೇಡಿ. ಬಾಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ಇಟ್ಟವಳು ಅಜ್ಜಿ.

ಪೆಟ್ಟಿಗೆಯನ್ನು ದಯವಿಟ್ಟು ಕಾದಿರಿಸಿ. ಅಡಿ ಪೂರ್ತಿ ಸವೆದ ಮೇಲೆ ಬೂಟು ನಿಮ್ಮದೇ ಎಂದು ಅಜ್ಜಿ ಮಾತು ಕೊಟ್ಟಿದ್ದಾಳೆ. ಒಣಗಿದ ಚರ್ಮಕ್ಕೆ ಎಣ್ಣೆಯುಣಿಸಿ ಮೆದು ಮಾಡಿಕೊಟ್ಟ ಚಮ್ಮಾರ ಹೊನೊರಾತೊ ಅವರಿಗೂ, ತಾಳ್ಮೆಯಿಂದ ಕೇಳಿದ ನಿಮಗೂ ನನ್ನ ವಂದನೆ. ಹೊರಡುವಾಗ ಬಾಗಿಲಲ್ಲಿ ದಾರಿ ಬಿಡಿ, ಲಿಂದೌರಾ ಓಡಬೇಕಂತೆ. ಎಲ್ಲರಿಗೂ ನಮಸ್ಕಾರ.