ಕಿಂಡಿಯಲ್ಲಿ ಹಿಡಿಸುವಷ್ಟು

ಹಲೋ, ಲಿಫ್ಟ್ ಸಹಾಯವಾಣಿ. ಯಾರು ಮಾತಾಡ್ತಿರೋದು? ಹಲೋ? ಹಾಂ, ಕೇಳಿಸ್ತಿದೆ, ಲಿಫ್ಟಿನೊಳಗಿನ ಫೋನಲ್ವಾ, ಸ್ವಲ್ಪ ಗೊರಗೊರ ಅಂತಿದೆ ಅಷ್ಟೆ. ಲಿಫ್ಟು ಎಲ್ಲಿ ನಿಂತಿದೆ ಮೇಡಂ?...

ಆಸ್ಪತ್ರೆ ಹಿಂಬದೀದಾ? ಎರಡಕ್ಕೂ ಮೂರಕ್ಕೂ ಮಧ್ಯೆ. ಸರಿ. ಒಬ್ರೇ ಇದೀರಾ? ಭಯ ಬೇಡ, ಗಾಳಿ ಬೇಕಾದಷ್ಟು ಬರುತ್ತೆ. ಬಾಗಿಲು ಮಾತ್ರ ಎಳೀಬೇಡಿ. ನಮ್ಮ ಮೆಕ್ಯಾನಿಕ್ ಗಾಡಿ ಹತ್ತಿದ, ಇನ್ನು ಹದಿನೈದು ನಿಮಿಷ...

ಇಲ್ಲ ಇಲ್ಲ, ನಾನು ಫೋನ್ ಇಡೋ ಹಾಗಿಲ್ಲ. ಬಾಗಿಲು ತೆಗೆಯೋ ತನಕ ಒಳಗಿರೋರನ್ನ ಮಾತಾಡಿಸ್ತಾ ಇರ್ಬೇಕು, ಅದು ಇಲ್ಲಿನ ನಿಯಮ. ನಿಮಗೆ ಮಾತಾಡೋ ಮನಸ್ಸಿಲ್ದಿದ್ರೆ ಸುಮ್ನಿರಿ, ನಾನು ಮಾತಾಡ್ತೀನಿ. ಇವತ್ತು ಯಾರ ಹತ್ರನಾದ್ರೂ ಹೇಳ್ಕೊಳ್ಳದಿದ್ರೆ ನನ್ನ ಹೊಟ್ಟೆ ಒಡೆದುಹೋಗುತ್ತೆ. ಅದೂ ಖಾಲಿ ಹೊಟ್ಟೆ...

ಯಾಕಾ? ನಾಳೆ ಇದೇ ಆಸ್ಪತ್ರೇಲಿ ನಂಗೆ ಆಪರೇಷನ್. ತೂಕ ಇಳಿಸೋದು. ಹೊಟ್ಟೆ ಕತ್ತರಿಸಿ ಒಂದು ಬಾಳೆಹಣ್ಣಿನಷ್ಟು ಉಳಿಸ್ತಾರಂತೆ. ನಾಳೆ ಆಪರೇಷನ್ ಇಟ್ಕೊಂಡು ಇವತ್ತು ಮದುವೆ ಗಂಡಿನ ಹಾಗೆ ಕುಣೀತಿದ್ದೀನಿ ಅಂತ ಹೆಂಡ್ತಿ ಬೈತಾಳೆ...

ಕೇಳಿ, ಹೇಳ್ತೀನಿ. ನಾನೂ ಮೆಕ್ಯಾನಿಕ್ಕೇ. ಹತ್ತೊಂಬತ್ತು ವರ್ಷ. ನಿಮ್ಮ ತಲೆ ಮೇಲೆ ಚಾವಣೀಲಿ ಒಂದು ಚೌಕದ ಮುಚ್ಚಳ ಇದೆ, ಅಲ್ವಾ? ಅದೇ ಕಿಂಡಿ. ಬಾಗಿಲು ಹಟ ಹಿಡಿದ್ರೆ ನಾವು ಅಲ್ಲಿಂದ ಇಳೀಬೇಕು. ಹೋದ ವರ್ಷ ಇಳಿಯೋಕೆ ಹೋಗಿ ಸೊಂಟದ ಹತ್ರ ಸಿಕ್ಕೊಂಡೆ. ಕಾಲು ಒಳಗೆ, ಹೊಟ್ಟೆ ಹೊರಗೆ. ಒಳಗಿದ್ದ ಅಜ್ಜಿ ನನ್ನ ಪಾದ ತಟ್ಟಿ, "ಹೆದರ್ಕೋಬೇಡಪ್ಪ, ಯಾರಾದ್ರೂ ಬಂದು ಬಿಡಿಸ್ತಾರೆ" ಅಂತ ಸಮಾಧಾನ ಮಾಡಿದ್ರು. ಬಿಡಿಸೋಕೆ ಬಂದೋನೇ ನಾನು ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ಲಿ?...

ಹಾಂ, ಆಮೇಲೆ ಇನ್ನೇನು. ಯಜಮಾನ್ರು ಟೂಲ್ಸ್ ಚೀಲ ಇಸ್ಕೊಂಡು ಈ ಕುರ್ಚೀಲಿ ಕೂರಿಸಿದ್ರು. ಹನ್ನೊಂದು ತಿಂಗಳಾಯ್ತು. ಕಿಂಡೀಲಿ ಹಿಡಿಸೋ ದಿನ ಚೀಲ ವಾಪಸ್ ಕೊಡ್ತೀನಿ ಅಂದಿದ್ದಾರೆ. ಅದಕ್ಕೇ ಈ ಆಪರೇಷನ್ನು...

ತಯಾರಿನಾ? ಅಯ್ಯೋ, ಎರಡು ವಾರದಿಂದ ಬರೀ ಕುಡಿಯೋದೇ. ತಪ್ಪು ತಿಳ್ಕೋಬೇಡಿ, ಸೂಪು, ಹಾಲು, ಪ್ರೋಟೀನ್ ಪುಡಿ. ಲಿವರ್ ಕುಗ್ಗಬೇಕಂತೆ, ಇಲ್ದಿದ್ರೆ ಆಪರೇಷನ್ ಮಾಡೋವಾಗ ಅಡ್ಡ ಬರುತ್ತಂತೆ. ಅದಕ್ಕೂ ಮೊದ್ಲೇ ಮನೇಲಿ ಸ್ವಲ್ಪ ಸ್ವಲ್ಪವೇ ತಿನ್ನೋ ಅಭ್ಯಾಸ ಶುರುವಾಗಿತ್ತು. ಮಗಳು ಮಗುವಾಗಿದ್ದಾಗಿನ ಚಮಚ ಹುಡುಕಿ ತಂದ್ಕೊಟ್ಲು. ಒಂದೊಂದು ತುತ್ತಿಗೂ ಇಪ್ಪತ್ತೈದು ಸಲ ಅಗೀಬೇಕು, ಹೆಂಡ್ತಿ ಎದುರಿಗೆ ಕೂತು ಎಣಿಸ್ತಾಳೆ. ಆ ಅಭ್ಯಾಸಬಲಕ್ಕೆ ಮೊದಲ ದಿನ ಸೂಪನ್ನೂ ಅಗಿಸಿಬಿಟ್ಲು. ನಾನೂ ಅಗಿದೆ...

ಹೂಂ, ಆಪರೇಷನ್ ಆದ್ಮೇಲೂ ಅಷ್ಟೆ, ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಕುಡೀಬೇಕು. ಜೀವ ಇರೋವರೆಗೂ ವಿಟಮಿನ್ ಮಾತ್ರೆ. ದಿನಾ ನಡಿಗೆ. ಎಲ್ಲಾ ಬಾಯಿಪಾಠ ಆಗಿದೆ ಮೇಡಂ. ಹೆದರಿಕೆ ಇರೋದು ಡಾಕ್ಟರಮ್ಮಂದು ಒಂದೇ. ಕೈಗುಣ ಬಲು ಚೆನ್ನಾಗಿದೆ ಅಂತಾರೆ, ಆದ್ರೆ ಕಣ್ಣಲ್ಲೇ ತೂಕ ಹಾಕೋ ಪೈಕಿ. ನಡುವೆ ಬಾಯಿ ಕಟ್ಟದಿದ್ರೆ ಮುಂದಕ್ಕೆ ಹಾಕ್ತೀನಿ ಅಂತ ಮೊದಲೇ ಹೇಳಿಬಿಟ್ಟಿದ್ದಾರೆ. ಮುಂದಕ್ಕೆ ಅಂದ್ರೆ ಮತ್ತೆ ಮೂರು ತಿಂಗಳು ಈ ಕುರ್ಚಿ...

ಕಟ್ಟಿದ್ದೀನಿ ಕಟ್ಟಿದ್ದೀನಿ. ಒಂದು ಭಾನುವಾರ ಬಿಟ್ಟು. ನಿಮ್ಮ ಹತ್ರ ಹೇಳೋದಕ್ಕೇನು, ನೀವು ಯಾರೋ ನಾನು ಯಾರೋ. ಅತ್ತೆ ಬಂದಿದ್ರು, ಹೆಂಡ್ತಿ ಅಮ್ಮ. "ಅಳಿಯಂದಿರು ಸೊರಗಿ ಕಡ್ಡಿ ಆಗೋಗಿದಾರೆ" ಅಂತ ಕಣ್ಣಲ್ಲಿ ನೀರು. ನೂರಿಪ್ಪತ್ತೈದು ಕಿಲೋ ಕಡ್ಡಿ ನಾನು. ಬಟ್ಟೆ ಒಗೆಯೋ ಮೆಷಿನ್ ಸದ್ದು ಮಾಡ್ತಿದೆ, ನೋಡಿ ಬನ್ನಿ ಅಂತ ಒಳಗೆ ಕರೆದು, ಟವೆಲ್ಲಲ್ಲಿ ಸುತ್ತಿದ ಬೆಣ್ಣೆ ಬ್ರೆಡ್ಡು ಕೈಗಿಟ್ರು. ನಾಲ್ಕು ತುಂಡು. ಇಪ್ಪತ್ತೈದು ಸಲ ಎಲ್ಲಿ ಬಂತು, ಒಂದೊಂದಕ್ಕೂ ಎರಡೇ ಸಲ. ಅಷ್ಟೊತ್ತಿಗೆ ಹೆಂಡ್ತಿ ಬಂದು ಮೆಷಿನ್ ಸರಿಯಾಯ್ತಾ ಅಂದ್ಲು. ಬಾಯಿ ತುಂಬಿತ್ತು, ತಲೆ ಆಡಿಸ್ದೆ...

ಬೆಣ್ಣೆನಾ? ದಪ್ಪಕ್ಕೇ ಇತ್ತು. ಯಾಕೆ ಮೇಡಂ?...

ಹೋದ ಭಾನುವಾರ. ಆಮೇಲೆ ಮತ್ತೆ ಮುಟ್ಟಿಲ್ಲ, ದೇವ್ರಾಣೆ. ಸ್ಕ್ಯಾನಿಗೆ ಮುಂಚೆನಾ ಅಂದ್ರಾ? ಹೂಂ, ಮುಂಚೇನೇ. ಅಲ್ಲ, ಸ್ಕ್ಯಾನ್ ಮಾಡಿಸಿದ್ದು ನಿಮಗೆ ಹೇಗೆ... ಮೇಡಂ, ನೀವು ಯಾರು ಅಂತ ಹೇಳ್ಲೇ ಇಲ್ಲ ಅಲ್ವಾ?...

ಡಾಕ್ಟ್ರೇ. ನಮಸ್ಕಾರ...

ಇಲ್ಲ, ಇಲ್ಲೇ ಇದ್ದೀನಿ. ಫೋನ್ ಇಡೋ ಹಾಗಿಲ್ಲ ಅನ್ನೋ ನಿಯಮ ಇಲ್ದಿದ್ರೆ ಇಷ್ಟೊತ್ತಿಗೆ ಮೇಜಿನ ಕೆಳಗಿರ್ತಿದ್ದೆ. ಅಲ್ಲೂ ಹಿಡಿಸಲ್ಲ, ಅದು ಬೇರೆ ಮಾತು...

ಆಪರೇಷನ್ ನಿಜವಾಗ್ಲೂ ಯಾಕೆ ಬೇಕು ಅಂದ್ರೆ... ಸಕ್ಕರೆ ಕಾಯಿಲೆ, ಮಂಡಿನೋವು ಅಂತ ನಿಮ್ಮ ಫಾರಮ್ಮಲ್ಲಿ ಬರೆದಿದ್ದೀನಲ್ಲ. ಅದೂ ನಿಜಾನೇ. ಆದ್ರೆ ಇನ್ನೊಂದಿದೆ ಡಾಕ್ಟ್ರೇ. ಇಲ್ಲಿ ಕೂತು ದಿನಕ್ಕೆ ಏಳೆಂಟು ಜನರನ್ನ ಮಾತಾಡಿಸ್ತೀನಿ. ನಗಿಸ್ತೀನಿ, ಮಕ್ಕಳಿದ್ರೆ ಕಥೆ ಹೇಳ್ತೀನಿ. ಕೊನೆಗೆ ಬಾಗಿಲು ತೆರೆದ ಸದ್ದು ಕೇಳುತ್ತೆ, ಫೋನ್ ಕಟ್. ಆಗ ಆ ಮುಖ ನೋಡೋರು ಬೇರೆ ಯಾರೋ. ಮೊದಲು ನಾನು ನೋಡ್ತಿದ್ದೆ. ಒಬ್ರು ಅಳ್ತಾರೆ, ಒಬ್ರು ಬೈತಾರೆ, ಒಬ್ಬ ತಾತ ನನ್ನ ಗ್ರೀಸು ಕೈನೇ ಹಿಡಿದು ಮುತ್ತು ಕೊಟ್ಟಿದ್ರು. ಅದಿಲ್ದೆ ನಂಗೆ ತುಂಬಾ ಬೇಜಾರು ಡಾಕ್ಟ್ರೇ. ತಿನ್ನೋದಕ್ಕಿಂತ ಹೆಚ್ಚು ಆಸೆ ಅದರ ಮೇಲೆ...

ಹಾಂ, ಮೇಲೆ ಸದ್ದಾಗ್ತಿದ್ಯಾ? ನಮ್ಮವನು ಬಂದ. ಈಗ ಒಂದು ಸಲ ಕುಲುಕುತ್ತೆ, ಕಂಬಿ ಹಿಡ್ಕೊಳ್ಳಿ. ನಿಧಾನಕ್ಕೆ ಎರಡನೇ ಮಹಡಿಗೆ ಇಳಿಸ್ತಾನೆ. ಇಳೀತಿದೆ ಅಲ್ವಾ?...

ಡಾಕ್ಟ್ರೇ, ಬಾಗಿಲು ತೆರೆಯೋ ಮುಂಚೆ ಒಂದು ಮಾತು. ಮುಂದಕ್ಕೆ ಹಾಕ್ತೀರಾ? ಹಾಕಿದ್ರೂ ನಂಗೆ ಬೇಜಾರಿಲ್ಲ. ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ...

ಏನು, ತೆರೀತಾ? ಹಾಗಾದ್ರೆ ಹೊರಗೆ ಹೋಗಿ, ಅಲ್ಲೇ ನಿಲ್ಬೇಡಿ, ಬಾಗಿಲು ಬಡಿಯುತ್ತೆ. ಹೇಳಿಯೇ ಹೋಗ್ತೀರಾ? ಹಾಂ, ಹೇಳಿ...

ಲಿವರ್ ಕುಗ್ಗಿದೆಯಾ? ನಿನ್ನೆ ಸ್ಕ್ಯಾನಲ್ಲಿ ನೀವೇ ನೋಡಿದ್ರಾ? ಹಾಂ... ಹಾಂ... ತಪ್ಪಿ ತಿಂದ್ರೆ ಬಂದು ಹೇಳೋರ ಚಿಂತೆ ನಿಮಗಿಲ್ಲ, ಮುಚ್ಚಿಡೋರದ್ದೇ ಚಿಂತೆ. ಹಾಂ. ಆದ್ರೆ ಡಾಕ್ಟ್ರೇ, ನೀವು ಅಂತ ಗೊತ್ತಿದ್ದಿದ್ರೆ ನಾನೂ ಮುಚ್ಚಿಡ್ತಿದ್ದೆ...

ಇನ್ಮೇಲೆ ಇಲ್ಲ. ಗೊತ್ತಿದ್ದೂ ಹೇಳ್ತೀನಿ. ಹೊಟ್ಟೆ ಚಿಕ್ಕದು ಮಾಡೋದು ನಿಮ್ಮ ಕೆಲಸ, ಆಮೇಲಿನದ್ದೆಲ್ಲ ನನ್ನ ಕೆಲಸ. ಒಪ್ಪಿದೆ...

ಆರಕ್ಕಾ? ನಾಳೆ ಬೆಳಿಗ್ಗೆ ಆರಕ್ಕೇನಾ? ಇನ್ನೊಂದು ಸಲ ಹೇಳಿ. ಇಲ್ಲ, ಕೇಳಿಸ್ತು, ಕೇಳೋಕೆ ಚೆನ್ನಾಗಿದೆ ಅಂತ...

ಹಾಂ, ಲಿಫ್ಟಿನ ಕರೆಂಟು ತೆಗೀತಾನಂತೆ, ಈ ಫೋನೂ ಕಟ್ ಆಗುತ್ತೆ, ನೀವು ಹೊರಡಿ. ಒಂದೇ ನಿಮಿಷ ಡಾಕ್ಟ್ರೇ, ಒಂದೇ ಮಾತು. ನಾನು ಸಣ್ಣಗಾಗಿ ಚೀಲ ವಾಪಸ್ ಇಸ್ಕೊಂಡ ಮೇಲೆ, ನಿಮಗೆ ಪುರುಸೊತ್ತಿದ್ದಾಗ, ಒಂದೇ ಒಂದು ಸಲ ಮತ್ತೆ ಸಿಕ್ಕೊಳ್ತೀರಾ? ನಾನೇ ಬರ್ತೀನಿ ಬಿಡಿಸೋಕೆ. ಬಾಗಿಲಿಂದ ಅಲ್ಲ ಡಾಕ್ಟ್ರೇ, ಮೇಲಿಂದ ಇಳೀತೀನಿ, ಕಿಂಡೀ... ಹಲೋ? ಡಾಕ್ಟ್ರೇ? ಹಲೋ?...