ತುಟಿ ಮುಂದೆ ಬಂದರೆ ಬೇಕು

ಕೌಟುಂಬಿಕ ನ್ಯಾಯಾಲಯದ ಕಾರಿಡಾರಿನಲ್ಲಿ, ನಾನು ಕೂತಿದ್ದ ಬೆಂಚಿನಲ್ಲೇ ತಾಯಿ ಮಗಳು ಕೂತಿದ್ದರು. ಹಳೆಯ ಸಿನಿಮಾ ರೀಲು ಸರಿಪಡಿಸುವುದು ಮಗಳ ಕೆಲಸವೆಂದು ಅವರ ಮಾತಿನಿಂದಲೇ ತಿಳಿಯಿತು.

“ಡೈವೋರ್ಸ್ ಕಾನೂನು ಬಂದ ಹೊಸದರಲ್ಲಿ ತೆಗೆದ ಕನ್ನಡ ಸಿನಿಮಾ ಅಮ್ಮ. ಈಗ ಯಾರಿಗೂ ನೆನಪಿಲ್ಲ. ಗಂಡ ಕೊಲೆಗಾರ. ಡೈವೋರ್ಸ್ ಬೇಕಾ ಅಂತ ಜಡ್ಜು ಹೆಂಡ್ತೀನ ಕೇಳ್ತಾರೆ. ಅವಳು ಬಾಯಿಬಿಡೋ ಹೊತ್ತಿಗೆ ಸೌಂಡೇ ಅಳಿಸಿಹೋಗಿದೆ.”

“ಬೇಡ ಅಂದಿರ್ತಾಳೆ ಬಿಡು.”

“ಎರಡಕ್ಕೂ ಮೊದಲು ತುಟಿ ಕೂಡುತ್ತೆ. ಬೇಡ ಅಂದ್ರೆ ಕೊನೇಲಿ ಬಾಯಿ ತೆರೆದೇ ಇರುತ್ತೆ. ಬೇಕು ಅಂದ್ರೆ ತುಟಿ ಮುಂದೆ ಬರುತ್ತೆ. ಅಷ್ಟರಲ್ಲಿ ಅವಳು ಬಾಯಿಗೆ ಕೈ ಅಡ್ಡ ಇಟ್ಕೊಂಡ್‌ಬಿಡ್ತಾಳೆ.”

“ನೀನು ಮಾತ್ರ ಒಳಗೆ ಬೇಡ ಅಂತಲೇ ಹೇಳ್ಬೇಕು. ಅಳಿಯಂದ್ರೇನು ಕೊಲೆ ಗಿಲೆ ಮಾಡಿಲ್ವಲ್ಲ.”

“ಮಾಡಿದ್ರೆ ಚೆನ್ನಾಗಿತ್ತು. ಹೇಳೋಕೆ ಒಂದು ಕಾರಣನಾದ್ರೂ ಇರ್ತಿತ್ತು.”

“ಬಿಡ್ತು ಅನ್ನು!”

“ಬಿಡ್ತು,” ಎಂದಳು ಮಗಳು. “ನೋಡಮ್ಮ, ಇದಕ್ಕೂ ತುಟಿ ಮುಂದೇನೇ ಬರುತ್ತೆ.”



ಜವಾನ ಅವರ ಕೇಸು ಕೂಗಿದ. ತಾಯಿ ಮಗಳ ಮೊಣಕೈ ಹಿಡಿದೇ ಒಳಗೆ ಕರೆದುಕೊಂಡು ಹೋದರು.

ಪಕ್ಕದ ಗಾಜಿನ ಬಾಗಿಲಿನಿಂದ ಇಬ್ಬರ ಮುಖವೂ ಕಾಣುತ್ತಿತ್ತು. ನ್ಯಾಯಾಧೀಶರು ಏನೋ ಕೇಳಿದರು. ಹಿಂದೆ ನಿಂತಿದ್ದ ತಾಯಿಯ ಬಾಯಿ ತಾನಾಗಿ ತೆರೆಯಿತು. ಮಗಳ ತುಟಿಗಳು ಒಂದಕ್ಕೊಂದು ಕೂಡಿಕೊಂಡವು, ಬಿಡಲೇ ಇಲ್ಲ.