ಗೌಡನ ಮೂರು ಬಿದಿರಿನ ದೋಟಿ

ಕೂಡ್ರಿ, ಕೂಡ್ರಿ. ಕಾಲು ಚಾಚಬ್ಯಾಡ್ರಿ, ಹಿಂದಿನವರಿಗೂ ಜಾಗ ಬಿಡ್ರಿ. ಹೂಂ ಅನ್ನೋರು ಗಟ್ಟಿಯಾಗಿ ಹೂಂ ಅನ್ರಿ, ಇಲ್ಲಾಂದ್ರ ನಾ ಅರ್ಧಕ್ಕ ಎದ್ದು ಹೋಗಾಕಿ. ಈ ಕತಿ ನೆನಸಿದ್ರ ನನಗ ಈಗಲೂ ಮೈ ಉರೀತೈತಿ.

ಒಂದೂರು. ಹೆಸರು ಹೇಳಾಂಗಿಲ್ಲ, ಹೇಳಿದ್ರ ನಮ್ಮೂರಿಗೇ ಅಂದ್ಳು ಅಂತ ಯಾರರ ಜಗಳಕ್ಕ ಬರ್ತೀರಿ. ಆ ಊರಾಗ ಅರವತ್ತು ಮನಿ, ಊರ ಮಗ್ಗಲಕ ಒಂದು ಹುಣಸಿ ತೋಪು. ತೋಪು ಊರಿಗೆಲ್ಲ ಸೇರಿದ್ದು. ಹಣ್ಣು ಬಡಿದು, ಗೌಡನ ಮನ್ಯಾಗ ಕೂಡಿಟ್ಟು, ಅರವತ್ತು ಪಾಲು ಮಾಡಿ ಹಂಚ್ತಿದ್ರು. ಆ ಮರದಾಗ ಇಣಚಿ ಅಂದ್ರ ಇಣಚಿ! ಅಳಿಲು ಅಂತೀರಲ್ಲ, ಅದ. ಬೆಳಗಾದ್ರ ಚಿಕ್ ಚಿಕ್ ಚಿಕ್ ಅಂತ ಊರು ಎಬ್ಬಸ್ತಿದ್ವು.

ಆ ಊರಿಗೊಂದು ಕಟ್ಟಳಿ ಇತ್ತು. ಅಜ್ಜನ ಕಾಲದ್ದು, ಮುತ್ತಜ್ಜನ ಕಾಲದ್ದು, ಅವನಪ್ಪನ ಕಾಲದ್ದು. ಏನದು? "ದೋಟಿಗೆ ಎಟುಕಿದ್ದು ನಮ್ದು, ಎಟುಕಲಾರದ್ದು ಅವುಗಳದ್ದು." ದೋಟಿ ಅಂದ್ರ ಗೊತ್ತಲ್ಲ, ತುದಿಗೆ ಕೊಕ್ಕಿ ಕಟ್ಟಿದ ಬಿದಿರು. ಗಟ್ಟಿ ಟೊಂಗಿ ಮ್ಯಾಲ ನಿಂತು ಒಂದು ಬಿದಿರಿನ ದೋಟಿ ಎತ್ತಿದ್ರ ಎಷ್ಟು ಸಿಗ್ತೈತಿ, ಅಷ್ಟು ಮಂದಿ ಪಾಲು. ಅದರ ಮ್ಯಾಲಿನ ತುದಿಹಣ್ಣು ಇಣಚಿ ಪಾಲು. ಅದನ್ನ ಯಾರೂ ಕೇಳ್ತಿರ್ಲಿಲ್ಲ, ಯಾರೂ ಮುಟ್ತಿರ್ಲಿಲ್ಲ.

ಊರ ಗೌಡ ಸಂಕನಗೌಡ. ಹಿರೇ ಮೀಸಿ, ಜರಿ ರುಮಾಲು. ಒಂದು ವರ್ಷ ತೋಪಿನಾಗ ನಿಂತು ಮ್ಯಾಲ ನೋಡಿದ. ಬಾಯಾಗ ನೀರು ಬಂತು. "ಅಷ್ಟೂ ಹಣ್ಣು ಇಣಚಿಗ್ಯಾಕ?" ಅಂದವನ ಒಂದು ಬಿದಿರಿಗೆ ಇನ್ನೊಂದು ಬಿದಿರು ಕಟ್ಟಿಸಿದ. ಅರ್ಧ ತುದಿ ಬರಿದಾತು. ಮರುವರ್ಷ ಮೂರನೇದೂ ಕಟ್ಟಿಸಿದ. ತುದಿಯೊಳಗ ಒಂದು ಹಣ್ಣೂ ಉಳೀಲಿಲ್ಲ. ಹಿರ್ಯಾರು "ಗೌಡ್ರ, ಕಟ್ಟಳಿ?" ಅಂದ್ರ ಏನಂದ ಗೊತ್ತೈತೇನು?

"ಕಟ್ಟಳಿ ನಾ ಎಲ್ಲಿ ಮುರದೀನಿ? ದೋಟಿಗೆ ಎಟುಕಿದ್ದು ನಮ್ದು. ಎಟುಕೇತಿ!"

ಕೇಳಿದ್ರೇನು ಮಾತು! ಕಟ್ಟಳಿ ಮುರೀಲಿಲ್ಲಂತ, ದೋಟಿ ಉದ್ದ ಮಾಡಿದ್ನಂತ! ನಾಲಿಗಿಗೆ ಎಲುಬಿಲ್ಲ ಅಂತ ಹಿಂಗೂ ತಿರುಗಿಸೂದ? ಥೂ ಅವನ! ಏ ರುದ್ರವ್ವ, ನಗಬ್ಯಾಡ, ನಗೂ ಮಾತಲ್ಲ ಇದು.

ಹಸಿದ ಹೊಟ್ಟಿ ಸುಮ್ನ ಇರ್ತೈತೇನು? ಇಣಚಿ ಮರ ಇಳದ್ವು. ಒಬ್ಬರು ಮಾಳಿಗಿ ಮ್ಯಾಲ ಒಣಹಾಕಿದ ಶೇಂಗಾ ತಿಂದ್ವು. ಇನ್ನೊಬ್ಬರ ಸಂಡಿಗಿ ತಿಂದ್ವು. ಮತ್ತೊಬ್ಬರ ನೆಲುವಿನ ಹಗ್ಗ ಕಡಿದು ಬೆಣ್ಣಿ ಗಡಿಗಿ ಕೆಡವಿದ್ವು. ಊರೆಲ್ಲ ಒಂದ ಕೂಗು, "ಇಣಚಿ ಹೆಚ್ಚ್ಯಾವ! ಇಣಚಿ ಹೆಚ್ಚ್ಯಾವ!" ಗೌಡ ತಳವಾರನ್ನ ಮನಿಮನಿಗೆ ಕಳಿಸಿದ. "ನಿಮ್ಮನಿಗೆ ಎಷ್ಟು ಬಂದಿದ್ವು?" ಒಬ್ಬರು ಐದು ಅಂದ್ರು, ಒಬ್ಬರು ಆರು ಅಂದ್ರು. ಎಲ್ಲಾ ಕೂಡಿಸಿದ್ರ ಮುನ್ನೂರು ದಾಟ್ತು.

ಗೌಡ ಹೌಹಾರಿದ. ಡಂಗುರ ಹೊಡಿಸಿದ. ಎಂಟು ದಿನದಾಗ ಮನಿಗೆ ಮೂರು ಇಣಚಿ ಬಾಲ ತಂದು ಚಾವಡಿಗೆ ಒಪ್ಪಿಸಬೇಕು. ತರದವರಿಗೆ ಈ ವರ್ಷ ಹುಣಸಿ ಪಾಲಿಲ್ಲ! ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳೆದ್ರಂತ, ಹಂಗಾತು.

ಊರ ಕೊನೀ ಮನ್ಯಾಗ ಫಕೀರವ್ವ ಅಂತ ಒಬ್ಬಾಕಿ. ಗಂಡ ಇಲ್ಲ, ಹೊಲ ಇಲ್ಲ. ಪಾಲಿಗೆ ಬಂದ ಹುಣಸಿಹಣ್ಣು ಕುಟ್ಟಿ, ಬೀಜ ತಗದು, ಸಂತ್ಯಾಗ ಮಾರಿ ವರ್ಷದ ಜ್ವಾಳ ತರಾಕಿ. ಆ ಪಾಲು ಹೋತಂದ್ರ ಆಕಿ ಒಲಿ ಹತ್ತೂದಿಲ್ಲ. ಆದ್ರೂ ಆಕಿ ಇಣಚಿಗೆ ಬಲಿ ಒಡ್ಡಲಿಲ್ಲ. "ಹೊಟ್ಟಿಗಿಲ್ಲದ್ದನ್ನ ಕೊಂದು ನಾ ಹೊಟ್ಟಿ ತುಂಬಿಸ್ಕೊಳ್ಳೇನು?" ಅಂದ್ಳು. ಅಂಗಳಕ್ಕ ಒಂದು ಮೋಟುಬಾಲದ ಇಣಚಿ ಬರ್ತಿತ್ತು. ಅದಕ್ಕ ದಿನಾ ನಾಕು ಶೇಂಗಾ ಹಾಕ್ತಿದ್ಳು.

ಎಂಟು ದಿನ ಆತು. ಚಾವಡಿ ಕಟ್ಟಿ ಮ್ಯಾಲ ಎಷ್ಟು ಬಾಲ ಬಿದ್ದಿದ್ವು? ಹನ್ನೊಂದು! ಅರವತ್ತು ಮನಿ ಕೂಡಿ, ಕಲ್ಲು ಕವಣಿ ಬಲಿ ಎಲ್ಲಾ ಹಿಡಕೊಂಡು ಎಂಟು ದಿನ ಕುಣಿದ್ರೂ ಹನ್ನೊಂದ! ಗೌಡ ಕೆಂಡ ಆದ.

"ಉಳಿದವು ಎಲ್ಲಿ? ಯಾರೋ ಮುಚ್ಚಿಟ್ಟಾರ! ಏ ಫಕೀರವ್ವ, ನಿನ್ನ ಅಂಗಳಕ್ಕ ಒಂದು ಬರ್ತೈತಂತಲ್ಲ, ಹಿಡಕೊಂಡು ಬಾ!"

"ತಂದು ಏನು ಮಾಡ್ಲಿ ಗೌಡ್ರ?" ಅಂದ್ಳು ಫಕೀರವ್ವ. "ನೀವು ಕೇಳಿದ್ದು ಬಾಲ. ಅದಕ್ಕ ಬಾಲನ ಇಲ್ಲ, ಮೋಟು."

ಮಂದಿ ನಕ್ರು. ಕಮ್ಮಾರ ಮಾನಪ್ಪ ಮಾತ್ರ ನಗಲಿಲ್ಲ. "ಮೋಟುಬಾಲದ್ದೇನಬೇ? ಅದು ನಮ್ಮನಿಗೆ ಬಂದಿತ್ತಲ್ಲ!"

"ಏ, ಹೋಗೋ, ಅದು ನಮ್ಮನಿಗೆ ಬರೂದು!"

"ನಮ್ಮನಿಗೂ!"

"ನಮ್ಮನಿಗೂ!"

ಐವತ್ತು ಮನಿಯವರು ಕೈ ಎತ್ತಿದ್ರು. ನೋಡ್ರಿ ಇವರ ಲೆಕ್ಕ! ಒಂದ ಇಣಚಿನ್ನ ಐವತ್ತು ಮನ್ಯಾಗ ಐವತ್ತು ಸಲ ಎಣಿಸ್ಯಾರ!

ಫಕೀರವ್ವ ಎಲ್ಲಾರನ್ನೂ ತೋಪಿಗೆ ಕರಕೊಂಡು ಹೋದ್ಳು. ಮೊದಲನೇ ಮರದ ಕೆಳಗ ನಿಂದರಿಸಿದ್ಳು. "ಮ್ಯಾಲ ನೋಡ್ರಿ. ಚಿಕ್ ಅಂತೈತೇನು?" ಇಲ್ಲ. ಎರಡನೇ ಮರ? ಇಲ್ಲ. ಮೂರನೇ ಮರ? ಅಲ್ಲೂ ಇಲ್ಲ. ಎಲಿ ಅಲ್ಲಾಡೂ ಸಪ್ಪಳ ಬಿಟ್ರ ಇನ್ನೇನೂ ಕೇಳಲಿಲ್ಲ.

"ಅವು ಮ್ಯಾಲಿದ್ದಾಗ ಮುನ್ನೂರಿದ್ವು, ನಿಮ್ಮ ಕಣ್ಣಿಗೆ ಬೀಳ್ಲಿಲ್ಲ," ಅಂದ್ಳು ಫಕೀರವ್ವ. "ಹಸಿದು ಹಸಿದು ಸತ್ವು, ಆಗೂ ಬೀಳ್ಲಿಲ್ಲ. ಸಾಯಲಾರದ ಹನ್ನೆರಡು ಉಳದು ಕೆಳಗ ಬಂದ್ವು. ಅವು ನಿಮಗ ಮುನ್ನೂರಾಗಿ ಕಂಡ್ವು. ಅದರಾಗ ಹನ್ನೊಂದು ನೀವ ಕೊಂದ್ರಿ. ಹೆಚ್ಚಾಗಿದ್ದು ಇಣಚಿ ಅಲ್ರೋ, ಅವುಗಳ ಹಸಿವು!"

ಮಂದಿ ತಲಿ ತಗ್ಗಿಸಿದ್ರು. ಗೌಡ? ಅವನೆಲ್ಲಿ ತಗ್ಗಿಸ್ತಾನ! "ನಾ ಕಟ್ಟಳಿ ಮುರದಿಲ್ಲ! ಎಟುಕಿದ್ದು ನಮ್ದು! ಬಲಿನ ಒಡ್ಡಲಾರದಾಕಿಗೆ ಪಾಲಿಲ್ಲ!" ಅಂತ ಒದರಿ ಮನಿಗೆ ಹೋಗಿ ಬಾಗಿಲ ಹಾಕ್ಕೊಂಡ.

ಫಕೀರವ್ವಗ ಸಿಟ್ಟು ನೆತ್ತಿಗೇರ್ತು. ಮರಕ್ಕ ಒರಗಿಸಿದ್ದ ಮೂರು ಬಿದಿರಿನ ದೋಟಿ ಎತ್ತಿದ್ಳು. "ಒಂದು ಕೈ ಹಿಡೀರೋ!" ಅಂದ್ಳು. ಹತ್ತು ಮಂದಿ ಹಿಡಿದ್ರು. ಗೌಡನ ಮಾಳಿಗಿ ಹತ್ತಿದ್ಳು, ಬೆಳಕಿಂಡಿಯೊಳಗ ದೋಟಿ ಬಿಟ್ಳು. ಮೊದಲನೇ ಸಲ ಹುಣಸಿಹಣ್ಣಿನ ಗಂಟು ಮ್ಯಾಲ ಬಂತು. ಎರಡನೇ ಸಲ ಗೌಡನ ತುಪ್ಪದ ಗಡಿಗಿ ನೆಲುವಿನ ಸಮೇತ ಬಂತು. ಮೂರನೇ ಸಲ ಏನು ಬಂತು? ಗೂಟಕ್ಕ ತೂಗಹಾಕಿದ್ದ ಜರಿ ರುಮಾಲು!

"ಕಳ್ಳಿ! ಕಳ್ಳಿ!" ಅಂತ ಕೆಳಗಿಂದ ಗೌಡ ಹೊಯ್ಕೊಂಡ.

"ಕಟ್ಟಳಿ ನಾ ಎಲ್ಲಿ ಮುರದೀನಿ ಗೌಡ್ರ?" ಅಂದ್ಳು ಮ್ಯಾಲಿಂದ. "ಎಟುಕೇತಿ!"

ಒಳಗ ಗೌಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಕ್ಕಳು. ಗೌಡ ಕೊಡ್ಲಿ ಹಿಡಕೊಂಡು ಓಡಿ ಬಂದ. ಫಕೀರವ್ವನ ಮುಟ್ಟಾಕ ಧೈರ್ಯ ಆಗ್ಲಿಲ್ಲ, ಸುತ್ತ ಊರೇ ನಿಂತಿತ್ತು. ತಾನ ಕಟ್ಟಿಸಿದ ದೋಟಿ ತಾನ ಕಡಿದ. ಫಕೀರವ್ವ ತನ್ನ ಒಂದು ಪಾಲು ಇಟ್ಕೊಂಡು, ತುಪ್ಪ, ರುಮಾಲು ತಿರುಗಿ ಕೊಟ್ಳು.

ಮುಗೀತು ಅಂತ ಏಳಬ್ಯಾಡ್ರಿ! ಮರುವರ್ಷ ದೋಟಿ ಮತ್ತ ಒಂದ ಬಿದಿರಿಗೆ ಇಳೀತು, ತುದಿಹಣ್ಣು ತುದಿಯೊಳಗ ಉಳೀತು. ತಿನ್ನೋರು ಯಾರು? ಊರು ಕೊಳ್ಳಿ ಹೋದ ಮ್ಯಾಲ ಕ್ವಾಟಿ ಬಾಗಿಲ ಹಾಕಿದ್ರಂತ. ಉಳಿದ ಆ ಮೋಟುಬಾಲದ್ದು ಒಂದ, ಮರದಿಂದ ಮರಕ್ಕ ಓಡಿ ಕೂಗ್ತಿತ್ತು. ಒಂಟಿ ಇಣಚಿಗೆ ಮರಿ ಆಗ್ತಾವೇನು? ಹಿರ್ಯಾರು ಗೌಡಗ ಅಂದ್ರು, "ಕೆಡಿಸಿದವರು ನೀವು, ನೀವ ಹೋಗಿ ತರ್ರಿ."

ಗೌಡ ಎಲಿ ಅಡಿಕಿ ಕಟ್ಟಿಕೊಂಡು ಬಾಜೂ ಊರಿಗೆ ಹೋದ. ಅಲ್ಲಿನ ತೋಪಿನಾಗ ಇಣಚಿ ಗಿಜಿಗಿಜಿ ಅಂತಿದ್ವು. "ನಮ್ಮ ಮೋಟಗ ಒಂದು ಹೆಣ್ಣು ಕೊಡ್ರಿ," ಅಂತ ಕೈ ಮುಗಿದ.

ಹೆಣ್ಣು ಕೇಳಾಕ ಹೋದ್ರ ಏನು ಕೇಳ್ತಾರ? ಮನಿತನ ಕೇಳ್ತಾರ, ಹೊಲ ಕೇಳ್ತಾರ, ಎತ್ತು ಎಷ್ಟು ಅಂತಾರ. ಆ ಊರ ಮುದುಕಿ ಅದೇನೂ ಕೇಳಲಿಲ್ಲ.

"ಗೌಡ್ರ, ನಿಮ್ಮೂರ ದೋಟಿ ಎಷ್ಟುದ್ದ?" ಅಂದ್ಳು.

ಗೌಡ ರುಮಾಲು ತಗದು ಕೈಯಾಗ ಹಿಡಕೊಂಡ. "ಒಂದ ಬಿದಿರು, ಯವ್ವ."

"ನಾವ ಬಂದು ಅಳತಿ ಮಾಡ್ತೀವಿ. ಆಮ್ಯಾಲ ಕೊಡೂ ಮಾತು," ಅಂದ್ಳು ಮುದುಕಿ. ಗೌಡನ ಮಾತು ಗೌಡನ ಎದುರಿಗೇ ನಂಬಲಿಲ್ಲ ಆಕಿ. ಯಾಕ ನಂಬಬೇಕು?

ಅಲ್ಲಿಗೆ ಹೆಣ್ಣು ಬಂತೋ, ಮರಿ ಆದ್ವೋ, ಆ ತೋಪಿಗೆ ಗೊತ್ತು. ಹೇಳಿದಾಕಿ ಗಂಟಲು ಒಣಗೇತಿ, ಕೇಳಿದವರ ಹೊಟ್ಟಿ ತಣ್ಣಗಿರ್ಲಿ. ಏಳ್ರಿ, ಮನಿಗೆ ನಡೀರಿ.